ಮನೆಯ ಬೆಂಕಿಗೆ ಅನಿಲ: ಅನುಕೂಲ ಮತ್ತು ಎಚ್ಚರ

ಪಂಚಭೂತಗಳಲ್ಲಿ ಅಗ್ನಿಯೊಂದನ್ನು ಮಾತ್ರ ಮಾನವನು ತನ್ನ ಮನೆಯೊಳಗೆ ತಾನೇ ಹುಟ್ಟಿಸಿ ತಾನೇ ಆರಿಸಬಲ್ಲನು. ಚಳಿ ಹೆಚ್ಚಾಗಿರುವ ಯೂರೋಪು, ಅಮೆರಿಕಗಳಲ್ಲಿ ಮನೆಯನ್ನು ಬೆಚ್ಚಗಿಡುವುದಕ್ಕೂ ಬೆಂಕಿ ಬೇಕು. ಅಲ್ಲಿ ಗೋಡೆಯೊಳಗೆ ಕಟ್ಟಿದ ಸೌದೆಯ ಅಗ್ಗಿಷ್ಟಿಕೆಯ ಸ್ಥಾನವನ್ನು ಅನೇಕ ಮನೆಗಳಲ್ಲಿ ಅನಿಲದ ಅಗ್ಗಿಷ್ಟಿಕೆ ಪಡೆದಿದೆ. ಸೌದೆ ಹೊರುವ, ಬೂದಿ ಬಳಿಯುವ ಶ್ರಮವಿಲ್ಲ. ಬೇಕಾದಾಗ ಹೊತ್ತಿಸಿ, ಬೇಕಾದಷ್ಟೇ ಉರಿಸಿ, ಬೇಡವಾದೊಡನೆ ಆರಿಸಬಹುದು.

ನಮ್ಮ ಕೊಪ್ಪದ ಸೀಮೆಯಲ್ಲಿ ಅಂಥ ಚಳಿಯಿಲ್ಲ. ಆದರೂ ನಮ್ಮ ಹಳ್ಳಿಮನೆಗಳಲ್ಲಿ ಮೂರು ಬಗೆಯ ಬೆಂಕಿಯುಂಟು: ಅಡುಗೆಯ ಒಲೆ, ಬಚ್ಚಲಿನ ಹಂಡೆಯ ನೀರೊಲೆ, ಬಾಣಂತಿಯ ಕೋಣೆಯ ಕೆಂಡದ ಅಗ್ಗಿಷ್ಟಿಕೆ. ಇವುಗಳಲ್ಲಿ ಯಾವುದಕ್ಕೆ ಅನಿಲ ಸಲ್ಲುತ್ತದೆ, ಎಲ್ಲಿ ಎಚ್ಚರ ಬೇಕು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಅಡುಗೆಯ ಒಲೆ. ತೆಂಗಿನ ಮಟ್ಟೆ, ಸೋಗೆ, ಕಬ್ಬಿನ ತರಗು, ಬೆರಣಿ ಇವೇ ನಮ್ಮ ಹಿರಿಯರ ಇಂಧನ. ಇವುಗಳಿಗೆ ಹಣ ತೆರಬೇಕಾಗಿಲ್ಲವೆಂಬುದು ನಿಜ. ಆದರೆ ಬೇರೊಂದು ಬೆಲೆಯನ್ನು ಮನೆಯ ಹೆಣ್ಣುಮಕ್ಕಳು ತೆರುತ್ತಾ ಬಂದಿದ್ದಾರೆ. ಊದುಗೊಳವೆ ಹಿಡಿದು ಹಸಿಸೌದೆಯನ್ನು ಉರಿಸಿದ ತಾಯಂದಿರ ಕಣ್ಣುರಿ, ಕೆಮ್ಮು, ಉಬ್ಬಸಗಳನ್ನು ನಾವೆಲ್ಲರೂ ಕಂಡಿದ್ದೇವೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನರು ಅಕಾಲ ಮರಣಕ್ಕೀಡಾದರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅಲ್ಲದೆ ಮೂರು ಕಲ್ಲಿನ ಒಲೆಯಲ್ಲಿ ಉರಿದ ಶಾಖದ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ ಪಾತ್ರೆಗೆ ಸೇರುತ್ತದೆ. ಉಳಿದದ್ದು ಗಾಳಿಯ ಪಾಲು. ಒಳ್ಳೆಯ ಅನಿಲದ ಒಲೆಯಲ್ಲಾದರೋ ಅರ್ಧಕ್ಕಿಂತ ಹೆಚ್ಚು ಶಾಖವು ಪಾತ್ರೆಗೆ ದಕ್ಕುತ್ತದೆ.

ಅನಿಲವೆಂದೊಡನೆ 14.2 ಕಿಲೋಗ್ರಾಂ ತೂಕದ ಸಿಲಿಂಡರು ನೆನಪಾಗುತ್ತದೆ. 2016ರಲ್ಲಿ ಉಜ್ವಲ ಯೋಜನೆ ಆರಂಭವಾದ ಮೇಲೆ ಅದು ಬಡವರ ಮನೆಗಳಿಗೂ ಬಂದಿತು. ಆದರೆ ದನಕರುಗಳಿರುವ ರೈತನ ಕೊಟ್ಟಿಗೆಯಲ್ಲಿಯೇ ಇನ್ನೊಂದು ಅನಿಲವುಂಟು, ಅದೇ ಗೋಬರ್ ಗ್ಯಾಸ್. ಸಗಣಿಗೆ ಸಮಪ್ರಮಾಣದ ನೀರು ಬೆರೆಸಿ ಗಾಳಿಯಾಡದ ಗುಂಡಿಯಲ್ಲಿ ಬಿಟ್ಟರೆ ಸೂಕ್ಷ್ಮಜೀವಿಗಳು ಅದನ್ನು ಕೊಳೆಸಿ ಮೀಥೇನ್ ಅನಿಲವನ್ನು ಉತ್ಪಾದಿಸುತ್ತವೆ. ಒಂದು ಘನಮೀಟರು ಅನಿಲಕ್ಕೆ ಸುಮಾರು 25 ಕಿಲೋಗ್ರಾಂ ಸಗಣಿ ಬೇಕು. ನಾಲ್ಕೈದು ದೊಡ್ಡ ರಾಸುಗಳಿದ್ದರೆ ಎರಡು ಘನಮೀಟರಿನ ಸ್ಥಾವರವನ್ನು ನಡೆಸಿ ಐದಾರು ಜನರ ಸಂಸಾರದ ಅಡುಗೆಯನ್ನು ಪೂರೈಸಬಹುದು. ಈ ಸೂಕ್ಷ್ಮಜೀವಿಗಳು ಬೆಚ್ಚನೆಯ ವಾತಾವರಣವನ್ನು ಬಯಸುವುದರಿಂದ ಚಳಿನಾಡುಗಳಲ್ಲಿ ಮಾಗಿಯ ಕಾಲದಲ್ಲಿ ಅನಿಲ ಕುಗ್ಗುತ್ತದೆ. ನಮ್ಮ ಮದ್ದೂರು, ಮಳವಳ್ಳಿಗಳ ಬಿಸಿಲಾದರೋ ಈ ಕಾರ್ಯಕ್ಕೆ ತಾನಾಗಿಯೇ ಒದಗಿದ ನೆರವು.

ಈ ವಿದ್ಯೆ ಹೊಸದಲ್ಲ. 1897ರಲ್ಲಿಯೇ ಮುಂಬಯಿಯ ಮಾಟುಂಗದ ಕುಷ್ಠರೋಗಿಗಳ ಆಶ್ರಮದಲ್ಲಿ ಇಂಥ ಅನಿಲವನ್ನು ಬಳಸಿದ್ದರು. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರವು 1974ರಲ್ಲಿ, ಅಮೂಲ್ಯ ಕೆ. ಎನ್. ರೆಡ್ಡಿಯವರ ನೇತೃತ್ವದಲ್ಲಿ, ಗ್ರಾಮೋಪಯೋಗಿ ತಂತ್ರಜ್ಞಾನಕ್ಕಾಗಿ 'ಅಸ್ತ್ರ' ಎಂಬ ವಿಭಾಗವನ್ನು ತೆರೆಯಿತು. ಹೊಗೆಕೊಳವೆಯುಳ್ಳ ಅಸ್ತ್ರ ಒಲೆ ಅದರ ಕೊಡುಗೆಯೇ. ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ 1987ರಿಂದ ಊರ ಸಗಣಿಯ ಅನಿಲದಿಂದ ಎಂಜಿನ್ ನಡೆಸಿ ದೀಪ ಬೆಳಗಿಸಿ, ಕುಡಿಯುವ ನೀರನ್ನು ಒದಗಿಸಿದ ಪ್ರಯೋಗವೂ ಪ್ರಸಿದ್ಧವಾಗಿದೆ.

ಇದರ ಮತ್ತೊಂದು ಲಾಭವು ಹೊಲಕ್ಕೆ ಸಲ್ಲುತ್ತದೆ. ಬೆರಣಿ ತಟ್ಟಿ ಸುಟ್ಟರೆ ಸಗಣಿಯ ಸಾರಜನಕವು ಹೊಗೆಯೊಡನೆ ಹೋಗಿಬಿಡುತ್ತದೆ. ಸ್ಥಾವರದಿಂದ ಹೊರಬರುವ ಬಗ್ಗಡದಲ್ಲಿಯಾದರೋ ಅದು ಬಹುಮಟ್ಟಿಗೆ ಉಳಿದಿದ್ದು ಕಬ್ಬಿಗೂ ಭತ್ತಕ್ಕೂ ಗೊಬ್ಬರವಾಗುತ್ತದೆ. ಸಗಣಿ ಒಂದು, ಫಲ ಎರಡು!

ಹೀಗಿದ್ದರೂ ಅನೇಕ ಗುಂಡಿಗಳು ಪಾಳುಬಿದ್ದಿರುವುದೇಕೆ? ಮನೆಗಳಲ್ಲಿ ರಾಸುಗಳು ಕಡಿಮೆಯಾದವು. ಕಬ್ಬಿಣದ ಡ್ರಮ್ಮು ತುಕ್ಕು ಹಿಡಿಯಿತು. ಹುಲ್ಲುಕಡ್ಡಿ ಬಿದ್ದು ಮೇಲೆ ಕೆನೆಗಟ್ಟಿತು. ದಿನವೂ ಸಗಣಿ ಕಲಸುವ ಕೆಲಸಕ್ಕೆ ಬೇಸರ ಹುಟ್ಟಿತು. ಮುದ್ದೆ ತೊಳಸುವಾಗ ಪಾತ್ರೆ ಜಾರುವುದೆಂಬ ದೂರೂ ಇತ್ತು. ಕವೆಗೋಲಿನಿಂದ ಪಾತ್ರೆಯನ್ನು ಒತ್ತಿಹಿಡಿದು ತೊಳಸಲು ಬಲವಾದ ಒಲೆಯೇ ಬೇಕು ತಾನೆ? ತಗ್ಗಾದ ಕಟ್ಟೆಯ ಮೇಲೆ ಅಗಲವಾದ, ಗಟ್ಟಿ ಚೌಕಟ್ಟಿನ ಒಲೆಯನ್ನು ಕೂರಿಸಿದರೆ ಈ ತೊಡಕು ಬಹುಮಟ್ಟಿಗೆ ನೀಗುತ್ತದೆ.

ಇನ್ನು ನೀರೊಲೆ. ಇಲ್ಲಿಯೇ ಹೆಚ್ಚಿನ ಎಚ್ಚರ ಅವಶ್ಯಕ. ಹಂಡೆಯ ಬದಲು ಸ್ನಾನದ ಮನೆಯೊಳಗೆ ಗ್ಯಾಸ್ ಗೀಸರು ಇಟ್ಟು, ಬಾಗಿಲು ಕಿಟಕಿಗಳನ್ನು ಭದ್ರವಾಗಿ ಮುಚ್ಚಿ ಸ್ನಾನ ಮಾಡುವಾಗ ಪ್ರಾಣ ಕಳೆದುಕೊಂಡವರ ಸುದ್ದಿ ಚಳಿಗಾಲದಲ್ಲಿ ಮರಳಿ ಮರಳಿ ಬರುತ್ತದೆ. ಬೆಂಕಿಗೆ ಆಮ್ಲಜನಕ ಸಾಲದಾದಾಗ ಇಂಗಾಲದ ಮಾನಾಕ್ಸೈಡ್ ಎಂಬ ವಿಷಾನಿಲವು ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನು ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಲವಾಗಿ ಅದನ್ನು ಹಿಡಿದುಕೊಳ್ಳುತ್ತದೆ. ತಲೆಸುತ್ತಿ ಕುಸಿದವರಿಗೆ ಚಿಲಕ ತೆಗೆಯುವ ಶಕ್ತಿಯೂ ಇರದು. ಆದ್ದರಿಂದ ಗೀಸರನ್ನು ಸ್ನಾನದ ಮನೆಯ ಹೊರಗೆ, ಗಾಳಿಯಾಡುವೆಡೆಯಲ್ಲಿ ಕೂರಿಸಿ ನೀರನ್ನು ಮಾತ್ರ ಕೊಳವೆಯಲ್ಲಿ ಒಳಗೆ ತರಬೇಕು. ಹಿಂದಿನವರು ಬಚ್ಚಲಿಗೆ ಹೊಗೆಗಿಂಡಿ ಬಿಟ್ಟದ್ದು ವ್ಯರ್ಥವಾಗಿರಲಿಲ್ಲ. ಉರಿಯು ನೀಲಿಯಾಗಿದ್ದರೆ ಲೇಸು. ಹಳದಿಗೆ ತಿರುಗಿದರೆ ದುರಸ್ತಿ ಮಾಡಿಸತಕ್ಕದ್ದು.

ಮೂರನೆಯದು ಬಾಣಂತಿಯ ಕೋಣೆ. ಕೆಂಡದಿಂದ ಹೊಗೆ ಬಾರದಿರುವುದರಿಂದ ಅಪಾಯವಿಲ್ಲವೆಂದು ಅನೇಕರು ನಂಬಿದ್ದಾರೆ. ಇದು ತಪ್ಪು. ಹೊಗೆಯಿಲ್ಲದ ಕೆಂಡವೂ ಅದೇ ವಿಷಾನಿಲವನ್ನು ಉಗುಳುತ್ತದೆ. ಮುಚ್ಚಿದ ಕೋಣೆಯಲ್ಲಿ ತಾಯಿಯೂ ಹಸುಗೂಸೂ ಮಲಗಿರುವಾಗ ಕೆಂಡವನ್ನಾಗಲಿ ಅನಿಲದ ಉರಿಯನ್ನಾಗಲಿ ಇಡಲೇಬಾರದು. ವಿದೇಶದ ಉತ್ತಮ ಅಗ್ಗಿಷ್ಟಿಕೆಗಳಲ್ಲಿ ಉರಿಯು ಗಾಜಿನ ಹಿಂದೆ ಮುಚ್ಚಲ್ಪಟ್ಟಿರುತ್ತದೆ. ಅದು ಹೊರಗಿನ ಗಾಳಿಯನ್ನೇ ಸೆಳೆದು ಹೊರಗೇ ಬಿಡುತ್ತದೆ. ಆ ಏರ್ಪಾಡಿಲ್ಲದ ನಮ್ಮ ಮನೆಗಳಲ್ಲಿ ಕಂಬಳಿ, ಎಳೆಬಿಸಿಲು, ಒಲೆಯ ಬಿಸಿನೀರು ಇವೇ ಕ್ಷೇಮ.

ಸಿಲಿಂಡರಿನ ಅನಿಲವು ಗಾಳಿಗಿಂತ ಭಾರವಾದುದರಿಂದ ಸೋರಿದರೆ ನೆಲದ ಮೇಲೆ ಹರಡುತ್ತದೆ. ಗೋಬರ್ ಗ್ಯಾಸ್ ಹಗುರವಾದುದರಿಂದ ಮೇಲೇರುತ್ತದೆ. ವಾಸನೆ ಬಂದೊಡನೆ ರೆಗ್ಯುಲೇಟರನ್ನೋ ಕೊಳವೆಯ ಕವಾಟವನ್ನೋ ಮುಚ್ಚಿ, ಬಾಗಿಲು ತೆರೆದು, ವಿದ್ಯುತ್ ಸ್ವಿಚ್ಚನ್ನು ಮುಟ್ಟದೆ ಹೊರನಡೆಯಬೇಕೆಂಬುದನ್ನು ಮಕ್ಕಳೂ ತಿಳಿದಿರಬೇಕು.

ಕಾಯಕ, ದಾಸೋಹಗಳನ್ನು ಬಾಳಿನ ತತ್ತ್ವವಾಗಿ ಸಾರಿದ ಪರಂಪರೆ ನಮ್ಮದು. ಅನ್ನ ನೀಡುವ ಕೈಯ ಆರೋಗ್ಯವನ್ನು ಕಾಯದ ದಾಸೋಹ ಅಪೂರ್ಣವೇ ಸರಿ. ವಿದ್ಯಾರ್ಥಿಗಳು ಈ ಸಂಜೆ ಮನೆಗೆ ಹೋದಾಗ ಒಲೆಯ ಮುಂದೆ ಒಂದು ಗಳಿಗೆ ಕುಳಿತು ನೋಡಲಿ: ಹೊಗೆ ಎತ್ತ ಹೋಗುತ್ತಿದೆ, ಗಾಳಿ ಎತ್ತಣಿಂದ ಬರುತ್ತಿದೆ? ಈ ಎರಡು ಪ್ರಶ್ನೆಗಳಿಗೆ ಉತ್ತರ ಕಂಡುಕೊಂಡ ಮನೆಯಲ್ಲಿ ಬೆಂಕಿಯು ಸೇವಕನಾಗಿ ಉಳಿಯುತ್ತದೆ.