ಮೈದಾನದ ನಡುವೆ ನಿಂತವರು

ಕಳೆದ ತಿಂಗಳು ಹಿರಿಯೂರಿನಲ್ಲಿ ಪಂದ್ಯ ಮುಗಿಸಿ ಚಿತ್ರದುರ್ಗದ ಮನೆಗೆ ಬಂದ ನನ್ನ ಮೊಮ್ಮಗ ಬೂಟುಗಳನ್ನು ಮಂಚದಡಿ ಎಸೆದು, ಮುಖ ಊದಿಸಿಕೊಂಡು ಕುಳಿತ. ಏಳನೇ ತರಗತಿಯ ಹುಡುಗ. ಅವನ ಫುಟ್‌ಬಾಲ್ ತಂಡ ಎರಡು ಗೋಲು ಹೊಡೆದು ಗೆದ್ದಿತ್ತು.

"ಗೆದ್ದು ಬಂದವನಿಗೆ ಏನಪ್ಪಾ ಸಿಟ್ಟು?" ಎಂದೆ.

"ನಾನಿನ್ನು ಆಡಲ್ಲ ತಾತ. ಎರಡು ಸಲವೂ ಚೆಂಡು ತಂದುಕೊಟ್ಟವನು ನಾನು. ಎಲ್ಲರೂ ಗೋಲು ಹೊಡೆದವನನ್ನೇ ಹೆಗಲ ಮೇಲೆ ಹೊತ್ತರು. ನನ್ನ ಹೆಸರು ಯಾರೂ ಕೂಗಲಿಲ್ಲ."

ಮಕ್ಕಳೇ, ಫುಟ್‌ಬಾಲ್ ತಂಡದಲ್ಲಿ 11 ಜನ. ಗೋಲ್‌ಕೀಪರ್, ಅವನ ಮುಂದೆ ತಡೆಯುವವರು, ತುದಿಯಲ್ಲಿ ಗೋಲು ಹೊಡೆಯುವವರು. ಇವರ ನಡುವೆ ನಿಂತು ಹಿಂದಿನವರಿಂದ ಚೆಂಡು ಪಡೆದು ಮುಂದಿನವರಿಗೆ ತಲುಪಿಸುವವನೇ ಮಿಡ್‌ಫೀಲ್ಡರ್. ಎದುರಾಳಿ ನುಗ್ಗಿದರೆ ಹಿಂದಕ್ಕೆ ಓಡಿ ತಡೆಯುವುದೂ ಅವನ ಕೆಲಸವೇ. ನನ್ನ ಮೊಮ್ಮಗ ಆಡುವುದು ಆ ಜಾಗದಲ್ಲಿ.

ಅಂದು ಸಂಜೆ ಅವನಿಗೆ 1971ರಲ್ಲಿ ಹುಟ್ಟಿದ ಇಬ್ಬರ ಕಥೆ ಹೇಳಿದೆ.

ಮೊದಲನೆಯವನು ಜನವರಿ 18ರಂದು ಸ್ಪೇನ್ ದೇಶದ ಸಾಂಟ್‌ಪೆಡೋರ್ ಎಂಬ ಊರಿನಲ್ಲಿ ಹುಟ್ಟಿದ ಪೆಪ್ ಗಾರ್ಡಿಯೋಲ. ಹದಿಮೂರನೇ ವಯಸ್ಸಿಗೆ ಬಾರ್ಸಿಲೋನಾ ಕ್ಲಬ್ಬಿನ ತರಬೇತಿ ಶಾಲೆ ಸೇರಿದ. ಸಣಕಲು ಮೈಯವನು, ದೊಡ್ಡ ಓಟಗಾರನೂ ಅಲ್ಲ. ಆದರೆ ಚೆಂಡು ಕಾಲಿಗೆ ಬರುವ ಮೊದಲೇ ಅದನ್ನು ಯಾರಿಗೆ ಕೊಡಬೇಕೆಂದು ನೋಡಿಟ್ಟುಕೊಳ್ಳುತ್ತಿದ್ದ. ತರಬೇತುದಾರ ಯೋಹಾನ್ ಕ್ರೈಫ್ ಅವನನ್ನು ತಂಡದ ನಡುವೆ ನಿಲ್ಲಿಸಿದರು. 1992ರಲ್ಲಿ ಬಾರ್ಸಿಲೋನಾ ಯುರೋಪಿಯನ್ ಕಪ್ ಗೆದ್ದಿತು. ಅದೇ ವರ್ಷ ಸ್ಪೇನ್‌ಗೆ ಒಲಿಂಪಿಕ್ಸ್ ಚಿನ್ನವೂ ಬಂತು. ಎರಡೂ ತಂಡಗಳಲ್ಲಿ ಅವನಿದ್ದ. ಮುಂದೆ 2008ರಲ್ಲಿ ಅದೇ ಕ್ಲಬ್ಬಿಗೆ ಕೋಚ್ ಆಗಿ, ಮೊದಲ ವರ್ಷವೇ ಮೂರು ದೊಡ್ಡ ಕಪ್ ಗೆಲ್ಲಿಸಿದ. 2023ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸಿಟಿ ತಂಡಕ್ಕೂ ಒಂದೇ ವರ್ಷದಲ್ಲಿ ಮೂರು ಕಪ್ ತಂದುಕೊಟ್ಟ.

"ಇವರು ನನಗೆ ಗೊತ್ತು. ಟೀವಿಯಲ್ಲಿ ನೋಡಿದ್ದೀನಿ" ಎಂದ ಹುಡುಗ.

"ಹಾಗಾದರೆ ಕಾರ್ಲ್ಟನ್ ಚಾಪ್‌ಮನ್ ಗೊತ್ತೋ?"

ಗೊತ್ತಿರಲಿಲ್ಲ. ದೂರದ ಸ್ಪೇನಿನವನು ಗೊತ್ತು, ಇನ್ನೂರು ಕಿಲೋಮೀಟರ್ ಆಚೆಯ ಬೆಂಗಳೂರಿನವರು ಗೊತ್ತಿಲ್ಲ. ಅವನನ್ನೇನೂ ಬೈಯಲಿಲ್ಲ. ಹೇಳದಿದ್ದ ತಪ್ಪು ನಮ್ಮದು.

ಚಾಪ್‌ಮನ್ ಹುಟ್ಟಿದ್ದು ಅದೇ 1971ರ ಏಪ್ರಿಲ್ 13ರಂದು. ಅವರೂ ಮಿಡ್‌ಫೀಲ್ಡರೇ. 1990ರಲ್ಲಿ ಜಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ ಸೇರಿದರು. 1993ರಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ಬಿಗೆ ಹೋದರು. ಆ ವರ್ಷ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕಿನ ಅಲ್ ಜವ್ರಾ ತಂಡವನ್ನು ಈಸ್ಟ್ ಬೆಂಗಾಲ್ 6-2ರಿಂದ ಸೋಲಿಸಿತು. ಅದರಲ್ಲಿ ಮೂರು ಗೋಲು ಚಾಪ್‌ಮನ್ನರದು.

"ಅಂದ್ರೆ ಮಿಡ್‌ಫೀಲ್ಡರೂ ಗೋಲು ಹೊಡೀಬಹುದಾ?"

"ದಾರಿ ಸಿಕ್ಕರೆ ಹೊಡೀಬಹುದು. ಸಿಗದಿದ್ದರೆ ದಾರಿ ಇರುವವನಿಗೆ ಚೆಂಡು ಕೊಡಬೇಕು."

ಆಮೇಲೆ ಅವರು ಪಂಜಾಬಿನ ಜೆಸಿಟಿ ತಂಡ ಸೇರಿದರು. ಐ.ಎಂ. ವಿಜಯನ್ ಮತ್ತು ಭೈಚುಂಗ್ ಭುಟಿಯಾ ಮುಂದೆ ನಿಂತು ಗೋಲು ಹೊಡೆಯುವವರು, ಹಿಂದಿನಿಂದ ಚೆಂಡು ಒದಗಿಸುವವರು ಚಾಪ್‌ಮನ್. 1996-97ರಲ್ಲಿ ನಡೆದ ಮೊಟ್ಟಮೊದಲ ರಾಷ್ಟ್ರೀಯ ಫುಟ್‌ಬಾಲ್ ಲೀಗನ್ನು ಜೆಸಿಟಿ ಗೆದ್ದಿತು. ಚಾಪ್‌ಮನ್ ಭಾರತ ತಂಡದ ನಾಯಕರೂ ಆದರು. ಈಸ್ಟ್ ಬೆಂಗಾಲ್‌ಗೆ ಮರಳಿ, 2001ರಲ್ಲಿ ನಾಯಕರಾಗಿ ರಾಷ್ಟ್ರೀಯ ಲೀಗ್ ಗೆಲ್ಲಿಸಿಕೊಟ್ಟು ಆಟ ನಿಲ್ಲಿಸಿದರು. ಗಾರ್ಡಿಯೋಲ ಬಾರ್ಸಿಲೋನಾ ಬಿಟ್ಟದ್ದೂ ಅದೇ 2001ರಲ್ಲಿ!

ಮುಂದೆ ಚಾಪ್‌ಮನ್ನರೂ ಕೋಚ್ ಆದರು. ತಾವು ಕಲಿತ ಟಾಟಾ ಅಕಾಡೆಮಿಯಲ್ಲೇ ಮಕ್ಕಳಿಗೆ ಕಲಿಸಿದರು. ಶಿಲ್ಲಾಂಗಿನ ರಾಯಲ್ ವಾಹಿಂಗ್ಡೋ ತಂಡವನ್ನು ತಿದ್ದಿದರು. ಗಾರ್ಡಿಯೋಲರಿಗೆ ಸಿಕ್ಕಷ್ಟು ಹಣ, ಹೆಸರು ಇವರಿಗೆ ಸಿಗಲಿಲ್ಲ. 2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ ಬರೀ 49 ವರ್ಷ.

ಹುಡುಗ ಸುಮ್ಮನೆ ಕುಳಿತಿದ್ದ. ನಾನು ನನ್ನ ಕಥೆಯನ್ನೂ ಸೇರಿಸಿದೆ. ಹೊಸದುರ್ಗದಲ್ಲಿ ನಾನು ಬ್ಯಾಂಕ್ ಗುಮಾಸ್ತನಾಗಿದ್ದಾಗ ಕಂಪ್ಯೂಟರ್ ಇರಲಿಲ್ಲ. ರೈತರು ಹಣ ತೆಗೆಯಲು ಬಂದರೆ ಚೀಟಿ ಪಡೆದು, ಹಿತ್ತಾಳೆ ಟೋಕನ್ ಕೊಟ್ಟು, ಲೆಡ್ಜರಿನಲ್ಲಿ ಬರೆದು ಅಧಿಕಾರಿಗೆ ಕಳಿಸುವವನು ನಾನು. ಕೊನೆಯಲ್ಲಿ ನೋಟು ಎಣಿಸಿ ಕೊಡುವವರು ಕ್ಯಾಷಿಯರ್. ಜನ ಕೈ ಮುಗಿಯುತ್ತಿದ್ದದ್ದು ಅವರಿಗೆ! ಮೊದಮೊದಲು ನನಗೂ ಬೇಸರವಾಗುತ್ತಿತ್ತು. ಆದರೆ ನಾನು ಒಂದು ಸೊನ್ನೆ ತಪ್ಪು ಬರೆದರೆ ಸಂಜೆ ಇಡೀ ಶಾಖೆಯ ಲೆಕ್ಕ ಹೊಂದುತ್ತಿರಲಿಲ್ಲ. ಅದು ತಿಳಿದ ಮೇಲೆ ಬೇಸರ ಹೋಯಿತು.

"ನೀವೂ ಮಿಡ್‌ಫೀಲ್ಡರ್ರಾ ತಾತ?" ಎಂದು ನಕ್ಕ.

ಮರುದಿನ ಬೆಳಿಗ್ಗೆ ನೋಡಿದರೆ ಬೂಟುಗಳು ಮಂಚದಡಿಯಿಂದ ಹೊರಬಂದಿದ್ದವು. ಅವನ ಅಜ್ಜಿ ಮಣ್ಣು ಒರೆಸಿ ಬಿಸಿಲಿಗಿಟ್ಟಿದ್ದಳು.

ಮುಂದಿನ ಪಂದ್ಯ ಹೊಳಲ್ಕೆರೆಯಲ್ಲಿ. ನಾನೂ ಹೋಗುತ್ತೇನೆ. ಗೋಲು ಹೊಡೆದವನಿಗೆ ಖಂಡಿತ ಚಪ್ಪಾಳೆ ತಟ್ಟುತ್ತೇನೆ. ಅದಕ್ಕೂ ಮೊದಲು, ಚೆಂಡು ಯಾರಿಂದ ಬಂತು ಎಂದು ನೋಡಿ ಅವನ ಹೆಸರನ್ನು ಗಟ್ಟಿಯಾಗಿ ಕೂಗುತ್ತೇನೆ. ಮಕ್ಕಳೇ, ನೀವೂ ಹಾಗೆ ಒಮ್ಮೆ ಕೂಗಿ ನೋಡಿ.