ಮನೆಯ ವಿಡಿಯೋ ಗೇಮ್ ಯಂತ್ರಕ್ಕೆ ಕ್ಯಾಮೆರಾ ಜೋಡಣೆ: ಸಾರ್ವಜನಿಕರು ತಿಳಿದಿರಬೇಕಾದ ಅಂಶಗಳು

ಟಿ.ವಿ.ಗೆ ಜೋಡಿಸಿ ಆಡುವ ವಿಡಿಯೋ ಗೇಮ್ ಯಂತ್ರವನ್ನು ಸಾಮಾನ್ಯವಾಗಿ ಗೇಮ್ ಕನ್ಸೋಲ್ ಎಂದು ಕರೆಯಲಾಗುತ್ತದೆ. ಈ ಯಂತ್ರದೊಡನೆ ಬಳಸುವ ಕ್ಯಾಮೆರಾ ಒಂದು ಪೂರಕ ಉಪಕರಣವಾಗಿದೆ. ಆಟಗಾರರ ಚಲನವಲನವನ್ನು ಗುರುತಿಸುವುದು, ಅವರ ಚಿತ್ರವನ್ನು ಪರದೆಯ ಮೇಲೆ ಮೂಡಿಸುವುದು ಹಾಗೂ ಅಂತರಜಾಲದ ಮೂಲಕ ಸದರಿ ಚಿತ್ರವನ್ನು ಇತರರಿಗೆ ತಲುಪಿಸುವುದು ಇದರ ಮುಖ್ಯ ಕಾರ್ಯಗಳು.

ಈ ಉಪಕರಣದ ಖರೀದಿ ಮತ್ತು ಬಳಕೆಯಲ್ಲಿ ಎರಡು ಬಗೆಯ ನಷ್ಟ ಸಂಭವಿಸಬಹುದು. ಒಂದು, ಯಂತ್ರಕ್ಕೆ ಹೊಂದದ ಕ್ಯಾಮೆರಾವನ್ನು ಕೊಂಡು ಹಣ ಕಳೆದುಕೊಳ್ಳುವುದು. ಎರಡು, ಮನೆಯೊಳಗಿನ ದೃಶ್ಯವು ಮನೆಯವರ ಅರಿವಿಲ್ಲದೆ ಹೊರಗೆ ಹೋಗುವುದು. ಮೊದಲನೆಯ ನಷ್ಟವನ್ನು ಕಾಲಕ್ರಮದಲ್ಲಿ ತುಂಬಿಕೊಳ್ಳಬಹುದು. ಎರಡನೆಯದನ್ನು ತುಂಬಿಕೊಳ್ಳುವುದು ಕಷ್ಟಸಾಧ್ಯ. ಇವೆರಡನ್ನೂ ತಪ್ಪಿಸುವ ಸಲುವಾಗಿ ಅಗತ್ಯ ಮಾಹಿತಿಯನ್ನು ಈ ಕೆಳಕಂಡಂತೆ ನೀಡಲಾಗಿದೆ.

1. ಕ್ಯಾಮೆರಾ ಕಾರ್ಯನಿರ್ವಹಿಸುವ ವಿಧಾನ

ಸೋನಿ ಸಂಸ್ಥೆಯು ಪ್ಲೇಸ್ಟೇಷನ್ 2 ಯಂತ್ರಕ್ಕಾಗಿ 2003ರಲ್ಲಿ ಐಟಾಯ್ ಎಂಬ ಕ್ಯಾಮೆರಾವನ್ನು ಬಿಡುಗಡೆ ಮಾಡಿತು. ಇದು ಯುಎಸ್‌ಬಿ ತಂತಿಯ ಮೂಲಕ ಯಂತ್ರಕ್ಕೆ ಜೋಡಣೆಯಾಗುತ್ತಿತ್ತು. ಒಂದರ ಹಿಂದೆ ಒಂದರಂತೆ ಬರುವ ಚಿತ್ರಗಳನ್ನು ಯಂತ್ರವು ಹೋಲಿಸಿ ನೋಡಿ, ಯಾವ ಭಾಗದಲ್ಲಿ ಬದಲಾವಣೆಯಾಗಿದೆಯೋ ಆ ಭಾಗದಲ್ಲಿ ಚಲನೆ ಇದೆ ಎಂದು ನಿರ್ಧರಿಸುತ್ತಿತ್ತು. ಈ ಕಾರಣದಿಂದ ಕೊಠಡಿಯಲ್ಲಿ ಸಾಕಷ್ಟು ಬೆಳಕು ಇರುವುದು ಅವಶ್ಯಕವಾಗಿತ್ತು. ಬೆಳಕು ಸಾಲದಿದ್ದಾಗ ಕ್ಯಾಮೆರಾದ ಕೆಂಪು ದೀಪ ಮಿನುಗಿ ಎಚ್ಚರಿಸುತ್ತಿತ್ತು.

2007ರಲ್ಲಿ ಪ್ಲೇಸ್ಟೇಷನ್ 3 ಯಂತ್ರಕ್ಕಾಗಿ ಬಂದ ಪ್ಲೇಸ್ಟೇಷನ್ ಐ ಕ್ಯಾಮೆರಾದಲ್ಲಿ ನಾಲ್ಕು ಮೈಕ್ರೋಫೋನ್‌ಗಳನ್ನು ಅಳವಡಿಸಲಾಗಿತ್ತು. ಇಂತಹ ಕ್ಯಾಮೆರಾವು ಕೇವಲ ನೋಡುವ ಉಪಕರಣವಲ್ಲ, ಕೇಳುವ ಉಪಕರಣವೂ ಹೌದು ಎಂಬುದನ್ನು ಗಮನಿಸತಕ್ಕದ್ದು. 2010ರಿಂದ ಮೂವ್ ಎಂಬ ಕೈಪಿಡಿಯ ತುದಿಯಲ್ಲಿ ಬೆಳಗುವ ಗೋಳವನ್ನು ಇದೇ ಕ್ಯಾಮೆರಾ ಗುರುತಿಸಿ, ಕೈಯ ಸ್ಥಾನವನ್ನು ಯಂತ್ರಕ್ಕೆ ತಿಳಿಸುತ್ತಿತ್ತು.

ಮೈಕ್ರೋಸಾಫ್ಟ್ ಸಂಸ್ಥೆಯು 2010ರ ನವೆಂಬರ್‌ನಲ್ಲಿ ಎಕ್ಸ್‌ಬಾಕ್ಸ್ 360 ಯಂತ್ರಕ್ಕಾಗಿ ಬಿಡುಗಡೆ ಮಾಡಿದ ಕೈನೆಕ್ಟ್ ಬೇರೊಂದು ವಿಧಾನವನ್ನು ಅನುಸರಿಸಿತು. ಕಣ್ಣಿಗೆ ಕಾಣದ ಅತಿಗೆಂಪು ಕಿರಣಗಳ ಚುಕ್ಕೆಗಳನ್ನು ಕೊಠಡಿಯೊಳಗೆ ಹರಡಿ, ಅವು ಬೀಳುವ ರೀತಿಯಿಂದ ಪ್ರತಿಯೊಂದು ವಸ್ತುವಿನ ದೂರವನ್ನು ಅಳೆದು, ಆಟಗಾರರ ದೇಹದ 20 ಸಂದುಗಳನ್ನು ಇದು ಗುರುತಿಸುತ್ತಿತ್ತು. ನೇರ ಬಿಸಿಲಿನಲ್ಲಿಯೂ ಅತಿಗೆಂಪು ಕಿರಣಗಳು ಇರುವುದರಿಂದ, ಕಿಟಕಿಯ ಬಿಸಿಲು ಬೀಳುವ ಕೊಠಡಿಯಲ್ಲಿ ಈ ಉಪಕರಣ ಸರಿಯಾಗಿ ಕೆಲಸ ಮಾಡುವುದಿಲ್ಲ. ಸೀರೆ, ಲುಂಗಿ ಮುಂತಾದ ಸಡಿಲ ಉಡುಪು ಧರಿಸಿದಾಗ ಮೊಣಕಾಲು ಮೊದಲಾದ ಸಂದುಗಳನ್ನು ಗುರುತಿಸುವುದು ಇದಕ್ಕೆ ಕಷ್ಟವಾಗುತ್ತದೆ.

2. ಯಾವ ಯಂತ್ರಕ್ಕೆ ಯಾವ ಕ್ಯಾಮೆರಾ

ಒಂದೇ ಸಂಸ್ಥೆಯ ಉಪಕರಣವಾದ ಮಾತ್ರಕ್ಕೆ ಅದು ಆ ಸಂಸ್ಥೆಯ ಎಲ್ಲ ಯಂತ್ರಗಳಿಗೂ ಹೊಂದುತ್ತದೆ ಎಂದು ಭಾವಿಸತಕ್ಕದ್ದಲ್ಲ. ಹಳೆಯ ಉಪಕರಣಗಳು ಕಡಿಮೆ ಬೆಲೆಗೆ ಮಾರಾಟವಾಗುವುದರಿಂದ ಖರೀದಿಗೆ ಮುನ್ನ ಈ ಕೆಳಗಿನ ವಿವರಗಳನ್ನು ಪರಿಶೀಲಿಸುವುದು ಸೂಕ್ತ.

ಅ) ಎಕ್ಸ್‌ಬಾಕ್ಸ್ 360: 2010ರ ಕೈನೆಕ್ಟ್ ಹೊಂದುತ್ತದೆ. ಈ ಯಂತ್ರದ ಮೊದಲ ಮಾದರಿಗಳಿಗೆ ಜೋಡಿಸುವಾಗ ಕೈನೆಕ್ಟ್‌ಗೆ ಪ್ರತ್ಯೇಕ ವಿದ್ಯುತ್ ಅಡಾಪ್ಟರ್ ಬೇಕಾಗುತ್ತದೆ.

ಆ) ಎಕ್ಸ್‌ಬಾಕ್ಸ್ ಒನ್: 2013ರಲ್ಲಿ ಬಂದ ಎರಡನೆಯ ಮಾದರಿಯ ಕೈನೆಕ್ಟ್ ಹೊಂದುತ್ತದೆ. ನಂತರ ಬಂದ ಒನ್ ಎಸ್ ಮತ್ತು ಒನ್ ಎಕ್ಸ್ ಯಂತ್ರಗಳಿಗೆ ಇದನ್ನು ಜೋಡಿಸಲು ವಿಶೇಷ ಅಡಾಪ್ಟರ್ ಅಗತ್ಯ. ಕೈನೆಕ್ಟ್ ತಯಾರಿಕೆಯನ್ನು 2017ರಲ್ಲಿಯೂ ಸದರಿ ಅಡಾಪ್ಟರ್ ತಯಾರಿಕೆಯನ್ನು 2018ರಲ್ಲಿಯೂ ನಿಲ್ಲಿಸಲಾಗಿದೆ.

ಇ) ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಮತ್ತು ಸೀರೀಸ್ ಎಸ್: 2020ರಲ್ಲಿ ಬಿಡುಗಡೆಯಾದ ಈ ಯಂತ್ರಗಳಲ್ಲಿ ಯಾವುದೇ ಕೈನೆಕ್ಟ್ ಕೆಲಸ ಮಾಡುವುದಿಲ್ಲ.

ಈ) ಪ್ಲೇಸ್ಟೇಷನ್ 4: 2013ರ ಪ್ಲೇಸ್ಟೇಷನ್ ಕ್ಯಾಮೆರಾ ಹೊಂದುತ್ತದೆ. ಇದಕ್ಕೆ ಯಂತ್ರದ ಹಿಂಭಾಗದಲ್ಲಿ ಪ್ರತ್ಯೇಕ ಕಿಂಡಿ ಇದೆ. 2016ರ ಪ್ಲೇಸ್ಟೇಷನ್ ವಿಆರ್ ಶಿರೋಪಕರಣವನ್ನು ಬಳಸಲು ಈ ಕ್ಯಾಮೆರಾ ಕಡ್ಡಾಯ.

ಉ) ಪ್ಲೇಸ್ಟೇಷನ್ 5: 2020ರ ಎಚ್‌ಡಿ ಕ್ಯಾಮೆರಾ ಹೊಂದುತ್ತದೆ. ಆಟದ ಪ್ರಸಾರದಲ್ಲಿ ಆಟಗಾರರ ಚಿತ್ರವನ್ನು ಸೇರಿಸುವುದು ಇದರ ಉದ್ದೇಶ. 2016ರ ವಿಆರ್ ಶಿರೋಪಕರಣಕ್ಕೆ ಈ ಕ್ಯಾಮೆರಾ ಉಪಯೋಗವಾಗುವುದಿಲ್ಲ. ಅದಕ್ಕೆ ಪ್ಲೇಸ್ಟೇಷನ್ 4ರ ಕ್ಯಾಮೆರಾ ಮತ್ತು ಅದರ ಅಡಾಪ್ಟರ್ ಎರಡೂ ಬೇಕು. 2023ರ ವಿಆರ್ 2 ಶಿರೋಪಕರಣದಲ್ಲಿ ಕ್ಯಾಮೆರಾಗಳು ಒಳಗೇ ಇರುವುದರಿಂದ ಹೊರಗಿನ ಕ್ಯಾಮೆರಾ ಅನಗತ್ಯ.

ಊ) ನಿಂಟೆಂಡೊ ಸ್ವಿಚ್ 2: 2025ರ ಜೂನ್‌ನಲ್ಲಿ ಬಿಡುಗಡೆಯಾದ ಈ ಯಂತ್ರಕ್ಕೆ ಯುಎಸ್‌ಬಿ-ಸಿ ಕ್ಯಾಮೆರಾವನ್ನು ಪ್ರತ್ಯೇಕವಾಗಿ ಕೊಳ್ಳಬೇಕು. ಇತರ ಆಟಗಾರರೊಡನೆ ಮುಖ ನೋಡಿ ಮಾತನಾಡುವ ಸೌಲಭ್ಯಕ್ಕೆ ಇದು ಬಳಕೆಯಾಗುತ್ತದೆ.

ಕ್ಯಾಮೆರಾದ ಬೆಲೆಯೊಂದೇ ಒಟ್ಟು ವೆಚ್ಚವಲ್ಲ ಎಂಬುದು ಮೇಲ್ಕಂಡ ವಿವರಗಳಿಂದ ಸ್ಪಷ್ಟವಾಗುತ್ತದೆ. ಅಡಾಪ್ಟರ್, ಅದಕ್ಕೆ ಹೊಂದುವ ಆಟದ ಡಿಸ್ಕ್ ಹಾಗೂ ಮಾಸಿಕ ಅಥವಾ ವಾರ್ಷಿಕ ಸದಸ್ಯತ್ವ ಶುಲ್ಕ ಇದ್ದಲ್ಲಿ ಅದನ್ನೂ ಕೂಡಿಸಿ ಲೆಕ್ಕ ಹಾಕುವುದು ಒಳಿತು.

3. ಅಳವಡಿಸುವ ಕ್ರಮ

ಅ) ಕ್ಯಾಮೆರಾವನ್ನು ಟಿ.ವಿ.ಯ ಮೇಲೆ ಅಥವಾ ಮುಂಭಾಗದಲ್ಲಿ, ಅಲುಗಾಡದಂತೆ ಇರಿಸಬೇಕು. ತಂತಿಯು ನಡೆದಾಡುವ ದಾರಿಯಲ್ಲಿ ಇರಬಾರದು.

ಆ) ಎಕ್ಸ್‌ಬಾಕ್ಸ್ 360ರ ಕೈನೆಕ್ಟ್ ಅನ್ನು ನೆಲದಿಂದ ಸುಮಾರು 2ರಿಂದ 6 ಅಡಿ ಎತ್ತರದಲ್ಲಿರಿಸಿ, ಒಬ್ಬರು ಆಡುವಾಗ ಸುಮಾರು 6 ಅಡಿ, ಇಬ್ಬರು ಆಡುವಾಗ ಸುಮಾರು 8 ಅಡಿ ದೂರದಲ್ಲಿ ನಿಲ್ಲಬೇಕು. ಚಿಕ್ಕ ಕೊಠಡಿಗಳಿರುವ ಮನೆಯವರು ಖರೀದಿಗೆ ಮುನ್ನವೇ ಈ ಅಂತರವನ್ನು ಅಳೆದು ನೋಡುವುದು ಸೂಕ್ತ.

ಇ) ಆಟಗಾರರ ಸುತ್ತ ಕುರ್ಚಿ, ಮೇಜು, ಗಾಜಿನ ವಸ್ತುಗಳು ಇರಬಾರದು. ತಿರುಗುತ್ತಿರುವ ಫ್ಯಾನಿಗೆ ಕೈ ತಾಗುವ ಸಂಭವವಿದ್ದಲ್ಲಿ ಕೈ ಎತ್ತಿ ಆಡುವ ಆಟಗಳನ್ನು ಆಡಬಾರದು. ಚಿಕ್ಕ ಮಕ್ಕಳು ಅಡ್ಡ ಬಾರದಂತೆ ನೋಡಿಕೊಳ್ಳಬೇಕು.

ಈ) ಕ್ಯಾಮೆರಾದ ನೋಟವನ್ನು ಪರದೆಯ ಮೇಲೆ ತೆರೆದು, ಅದರಲ್ಲಿ ಏನೇನು ಕಾಣುತ್ತದೆ ಎಂಬುದನ್ನು ಮನೆಯ ಹಿರಿಯರು ಸ್ವತಃ ನೋಡಬೇಕು. ಮಲಗುವ ಕೋಣೆಯ ಬಾಗಿಲು, ಸ್ನಾನದ ಮನೆಯ ದಾರಿ, ಗೋಡೆಯ ಮೇಲಿನ ಕುಟುಂಬದ ಚಿತ್ರಗಳು, ಮಕ್ಕಳ ಶಾಲಾ ಸಮವಸ್ತ್ರ, ವಿಳಾಸವಿರುವ ಕಾಗದಪತ್ರಗಳು ನೋಟದೊಳಗೆ ಬರುತ್ತಿದ್ದಲ್ಲಿ ಕ್ಯಾಮೆರಾದ ದಿಕ್ಕನ್ನು ಬದಲಿಸಬೇಕು.

4. ಖಾಸಗಿತನದ ರಕ್ಷಣೆ

2013ರಲ್ಲಿ ಎಕ್ಸ್‌ಬಾಕ್ಸ್ ಒನ್ ಯಂತ್ರವನ್ನು ಪ್ರಕಟಿಸಿದಾಗ, ಕೈನೆಕ್ಟ್ ಜೋಡಣೆಯಾಗಿರದೆ ಯಂತ್ರವು ಕೆಲಸ ಮಾಡುವುದಿಲ್ಲ ಎಂದು ತಯಾರಕರು ತಿಳಿಸಿದ್ದರು. ಮನೆಯೊಳಗೆ ಕ್ಯಾಮೆರಾ ಮತ್ತು ಮೈಕ್ರೋಫೋನ್ ಸದಾ ಜೋಡಣೆಯಾಗಿರಬೇಕೆಂಬ ಈ ನಿಯಮಕ್ಕೆ ಹಲವು ದೇಶಗಳಲ್ಲಿ ಆಕ್ಷೇಪ ವ್ಯಕ್ತವಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಈ ನಿಯಮವನ್ನು ಕೈಬಿಡಲಾಯಿತು. 2014ರ ಜೂನ್‌ನಿಂದ ಕೈನೆಕ್ಟ್ ಇಲ್ಲದೆಯೂ ಯಂತ್ರವನ್ನು ಮಾರಾಟ ಮಾಡಲಾಯಿತು. ಕ್ಯಾಮೆರಾ ಯಾವಾಗ ತೆರೆದಿರಬೇಕು, ಯಾವಾಗ ಮುಚ್ಚಿರಬೇಕು ಎಂಬುದನ್ನು ನಿರ್ಧರಿಸುವ ಅಧಿಕಾರ ಮನೆಯವರದೇ ಹೊರತು ಯಂತ್ರದ್ದಲ್ಲ ಎಂಬುದನ್ನು ಈ ಪ್ರಕರಣ ತೋರಿಸಿಕೊಟ್ಟಿದೆ. ಈ ಅಧಿಕಾರವನ್ನು ಬಳಸಿಕೊಳ್ಳಲು ಕೆಳಗಿನ ಕ್ರಮಗಳನ್ನು ಅನುಸರಿಸಬಹುದು.

ಅ) ಆಟ ಮುಗಿದ ಕೂಡಲೇ ಕ್ಯಾಮೆರಾದ ತಂತಿಯನ್ನು ಯಂತ್ರದಿಂದ ಬಿಡಿಸಬೇಕು. ಕ್ಯಾಮೆರಾಕ್ಕೆ ಮುಚ್ಚಳವಿದ್ದಲ್ಲಿ ಮುಚ್ಚಬೇಕು. ಮುಚ್ಚಳವು ನೋಟವನ್ನು ತಡೆಯುತ್ತದೆಯೇ ಹೊರತು ಧ್ವನಿಯನ್ನು ತಡೆಯುವುದಿಲ್ಲ.

ಆ) ಯಂತ್ರದ ಸೆಟ್ಟಿಂಗ್ಸ್‌ನಲ್ಲಿ ಖಾಸಗಿತನಕ್ಕೆ ಸಂಬಂಧಿಸಿದ ಭಾಗವನ್ನು ತೆರೆದು, ವಿಡಿಯೋ ಸಂಭಾಷಣೆ ಮತ್ತು ಪ್ರಸಾರವನ್ನು ಯಾರು ನೋಡಬಹುದು ಎಂಬುದನ್ನು ಪರಿಚಿತರಿಗೆ ಮಾತ್ರ ಸೀಮಿತಗೊಳಿಸಬೇಕು.

ಇ) ಪ್ರಸಾರ ಆರಂಭಿಸುವ ಮುನ್ನ ಕೊಠಡಿಯಲ್ಲಿರುವ ಎಲ್ಲರಿಗೂ, ಅತಿಥಿಗಳು ಹಾಗೂ ಮನೆಗೆಲಸದವರೂ ಸೇರಿದಂತೆ, ತಿಳಿಸಿ ಒಪ್ಪಿಗೆ ಪಡೆಯಬೇಕು.

ಈ) ಯಂತ್ರವನ್ನು ಮಾರುವಾಗ ಅಥವಾ ದುರಸ್ತಿಗೆ ಕೊಡುವಾಗ ಅದರಲ್ಲಿರುವ ಚಿತ್ರ ಮತ್ತು ವಿಡಿಯೋಗಳನ್ನು ಅಳಿಸಿ, ಬಳಕೆದಾರರ ಖಾತೆಯನ್ನು ತೆಗೆದುಹಾಕಬೇಕು.

5. ಮಕ್ಕಳ ಬಳಕೆ

ಆಟದ ಮೂಲಕ ಪರಿಚಯವಾದ ಅಪರಿಚಿತರು ಕ್ಯಾಮೆರಾ ತೆರೆಯುವಂತೆ ಮಕ್ಕಳನ್ನು ಕೇಳುವುದು ಗಂಭೀರ ಅಪಾಯದ ಸೂಚನೆ. ಇಂತಹ ಸಂದರ್ಭದಲ್ಲಿ ಮಕ್ಕಳು ಭಯಪಡದೆ ಮನೆಯವರಿಗೆ ತಿಳಿಸುವ ವಾತಾವರಣ ಇರಬೇಕು. ಹೇಳಿದ ಮಗುವನ್ನು ಗದರಿಸಿದಲ್ಲಿ ಮುಂದಿನ ಸಲ ಅದು ಹೇಳಲಾರದು. ಕ್ಯಾಮೆರಾ ಇರುವ ಯಂತ್ರವನ್ನು ಮಕ್ಕಳ ಕೋಣೆಯಲ್ಲಿ ಇರಿಸದೆ ಎಲ್ಲರೂ ಓಡಾಡುವ ಹಜಾರದಲ್ಲಿ ಇರಿಸುವುದು ಉತ್ತಮ. ಸ್ವಿಚ್ 2 ಯಂತ್ರದಲ್ಲಿ 16 ವರ್ಷದೊಳಗಿನವರು ಮೇಲೆ ತಿಳಿಸಿದ ಸಂಭಾಷಣಾ ಸೌಲಭ್ಯವನ್ನು ಬಳಸಲು ಪೋಷಕರು ತಮ್ಮ ಮೊಬೈಲ್ ಮೂಲಕ ಅನುಮತಿ ನೀಡಬೇಕಾಗುತ್ತದೆ. ಮಗುವಿನ ವಯಸ್ಸನ್ನು ಹೆಚ್ಚಿಸಿ ನಮೂದಿಸಿದಲ್ಲಿ ಇಂತಹ ರಕ್ಷಣೆಗಳು ನಿಷ್ಪ್ರಯೋಜಕವಾಗುತ್ತವೆ.

6. ಕಾನೂನಿನ ರಕ್ಷಣೆ ಹಾಗೂ ದೂರು ಸಲ್ಲಿಕೆ

ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ ಕಲಂ 66ಇ ಪ್ರಕಾರ, ವ್ಯಕ್ತಿಯ ಖಾಸಗಿ ಅಂಗಗಳ ಚಿತ್ರವನ್ನು ಒಪ್ಪಿಗೆಯಿಲ್ಲದೆ ಉದ್ದೇಶಪೂರ್ವಕವಾಗಿ ಸೆರೆಹಿಡಿಯುವುದು, ಪ್ರಕಟಿಸುವುದು ಅಥವಾ ರವಾನಿಸುವುದು ಅಪರಾಧ. ಇದಕ್ಕೆ 3 ವರ್ಷಗಳವರೆಗೆ ಕಾರಾಗೃಹ ವಾಸ ಅಥವಾ 2 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಮಕ್ಕಳ ಅಶ್ಲೀಲ ಚಿತ್ರಗಳಿಗೆ ಸಂಬಂಧಿಸಿದಂತೆ ಅದೇ ಕಾಯ್ದೆಯ ಕಲಂ 67ಬಿ ಇನ್ನೂ ಕಠಿಣವಾದ ಶಿಕ್ಷೆಯನ್ನು ಗೊತ್ತುಪಡಿಸಿದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023, 18 ವರ್ಷದೊಳಗಿನವರ ದತ್ತಾಂಶ ಬಳಕೆಗೆ ಪೋಷಕರ ಒಪ್ಪಿಗೆ ಅಗತ್ಯವೆಂದು ತಿಳಿಸುತ್ತದೆ. ಇದರ ನಿಯಮಗಳನ್ನು 2025ರ ನವೆಂಬರ್‌ನಲ್ಲಿ ಪ್ರಕಟಿಸಲಾಗಿದ್ದು, ಹಂತಹಂತವಾಗಿ ಜಾರಿಗೆ ತರಲು ಅವಕಾಶ ಕಲ್ಪಿಸಲಾಗಿದೆ.

ನೊಂದವರು ಯಾವುದೇ ಪೊಲೀಸ್ ಠಾಣೆಯಲ್ಲಿ ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ದೂರು ಸಲ್ಲಿಸಬಹುದು. ಸಂಕಷ್ಟದಲ್ಲಿರುವ ಮಕ್ಕಳ ನೆರವಿಗೆ 1098 ಸಂಖ್ಯೆಗೆ ಕರೆ ಮಾಡಬಹುದು. ಬೆದರಿಸಿ ಹಣ ಪಡೆದಿದ್ದಲ್ಲಿ ವಿಳಂಬ ಮಾಡದೆ 1930ಕ್ಕೆ ತಿಳಿಸಬೇಕು. ಎದುರಿನವರ ಖಾತೆಯ ಹೆಸರು, ಸಂದೇಶಗಳು, ದಿನಾಂಕ ಹಾಗೂ ಸಮಯವನ್ನು ದೂರಿನೊಂದಿಗೆ ಒದಗಿಸುವುದು ತನಿಖೆಗೆ ಸಹಕಾರಿ.

7. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಹೊಂದುತ್ತದೆ ಎಂದು ಹೇಳಿ ಅಂಗಡಿಯವರು ಹೊಂದದ ಕ್ಯಾಮೆರಾವನ್ನು ಮಾರಿದ್ದಲ್ಲಿ ಏನು ಮಾಡಬೇಕು?
ಉತ್ತರ: ರಸೀದಿಯೊಂದಿಗೆ ಮೊದಲು ಅಂಗಡಿಯವರನ್ನು ಲಿಖಿತವಾಗಿ ಕೇಳಬೇಕು. ಪರಿಹಾರ ದೊರೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ನ್ನು ಸಂಪರ್ಕಿಸಬಹುದು ಅಥವಾ ಎರಡು ವರ್ಷಗಳ ಒಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಬಹುದು. ಆದ್ದರಿಂದ ರಸೀದಿಯಲ್ಲಿ ಕ್ಯಾಮೆರಾದ ಮಾದರಿಯನ್ನೂ ಅದನ್ನು ಯಾವ ಯಂತ್ರಕ್ಕಾಗಿ ಕೊಳ್ಳಲಾಗಿದೆ ಎಂಬುದನ್ನೂ ಬರೆಸಿಕೊಳ್ಳತಕ್ಕದ್ದು.

ಪ್ರಶ್ನೆ: ಆಟ ಆಡಲು ಕ್ಯಾಮೆರಾ ಕಡ್ಡಾಯವೇ?
ಉತ್ತರ: ಅಲ್ಲ. ಕ್ಯಾಮೆರಾ ಬೇಡುವ ಆಟಗಳು ಕೆಲವು ಮಾತ್ರ. ಆಟದ ಪೆಟ್ಟಿಗೆಯ ಹಿಂಭಾಗದಲ್ಲಿ ಈ ಬಗ್ಗೆ ಮುದ್ರಿಸಿರುವ ಸೂಚನೆಯನ್ನು ನೋಡಿಕೊಳ್ಳಬೇಕು.

ಪ್ರಶ್ನೆ: ದೀಪ ಉರಿಯದಿದ್ದಲ್ಲಿ ಕ್ಯಾಮೆರಾ ಕೆಲಸ ಮಾಡುತ್ತಿಲ್ಲ ಎಂದು ತಿಳಿಯಬಹುದೇ?
ಉತ್ತರ: ದೀಪವನ್ನಷ್ಟೇ ನಂಬುವುದು ಸರಿಯಲ್ಲ. ತಂತಿಯನ್ನು ಬಿಡಿಸುವುದೇ ಖಚಿತವಾದ ಮಾರ್ಗ.

ಪ್ರಶ್ನೆ: ಕೆಟ್ಟುಹೋದ ಕ್ಯಾಮೆರಾವನ್ನು ಏನು ಮಾಡಬೇಕು?
ಉತ್ತರ: ಮನೆಯ ಕಸದೊಂದಿಗೆ ಬೆರೆಸದೆ, ನೋಂದಾಯಿತ ಇ-ತ್ಯಾಜ್ಯ ಸಂಸ್ಕರಣಾ ಘಟಕಕ್ಕೆ ತಲುಪುವಂತೆ ಕೊಡಬೇಕು.