ರಾಣಿಬಾಗ್‌ನಲ್ಲಿ ಸವಣೂರಿನ ಹುಣಸೆ

ಮಕ್ಕಳಿರುವ ಮುಂಬಯಿ ಕನ್ನಡಿಗರು ಭಾಯ್ಖಳಾದ ರಾಣಿಬಾಗ್‌ಗೆ ಒಮ್ಮೆಯಾದರೂ ಹೋಗಿರುತ್ತೀರಿ, ಪೆಂಗ್ವಿನ್ ನೋಡಲು. ಜೂನ್ ಕೊನೆಯ ಭಾನುವಾರ ನಾನೂ ಅದಕ್ಕೇ ಹೋದೆ. ಆದರೆ ಇದು ಹುಟ್ಟಿದ್ದು ಸಸ್ಯೋದ್ಯಾನವಾಗಿ. 1862ರಲ್ಲಿ ಜನರಿಗೆ ತೆರೆದದ್ದು. ಮೂರು ಸಾವಿರದಷ್ಟು ಮರಗಳಿವೆ. ಕಾಲೇಜುಗಳ ಸಸ್ಯಶಾಸ್ತ್ರ ವಿದ್ಯಾರ್ಥಿಗಳಿಗೆ ಇದೇ ಪಾಠಶಾಲೆ.

ಒಳಗೆ ಕಾಲಿಡುತ್ತಲೇ ಮಗ ನಿಂತುಬಿಟ್ಟ. "ಅಪ್ಪಾ, ಇದು ಅಜ್ಜಿ ಊರಿನ ಗಿಡ ಅಲ್ಲಾ?"

ಹೌದು. ಆನೆಕಾಲಿನಂಥ ಅದೇ ಬೂದು ಕಾಂಡ, ಐದು ಬೆರಳಿನಂತೆ ಬಿಚ್ಚಿದ ಎಲೆ. ಬಾವೊಬಾಬ್! ಹಾವೇರಿ ಜಿಲ್ಲೆಯ ನಮ್ಮ ಸವಣೂರಿನ ಮಠದ ಆವರಣದಲ್ಲಿ ಇಂಥ ಮೂರು ಮರಗಳಿವೆ. ನಾವು ದೊಡ್ಡ ಹುಣಸೆ ಎನ್ನುತ್ತೇವೆ. ಮರಾಠಿಯವರು ಗೋರಖ್ ಚಿಂಚ್ ಎನ್ನುತ್ತಾರೆ; ಚಿಂಚ್ ಎಂದರೂ ಹುಣಸೆಯೇ. ಕಾಯಿಯೊಳಗಿನ ಬಿಳಿ ತಿರುಳು ಹುಳಿ, ಅದಕ್ಕೇ ಇಬ್ಬರಿಗೂ ಒಂದೇ ಹೆಸರು ಹೊಳೆದಿರಬೇಕು. ನಿಜದಲ್ಲಿ ಹುಣಸೆಗೂ ಇದಕ್ಕೂ ನೆಂಟಸ್ತಿಕೆಯಿಲ್ಲ, ಇದು ಬೂರುಗದ ಬಳಗ. ಮೂಲ ಆಫ್ರಿಕಾ. ಸಂಜೆ ಅರಳುವ ಬಿಳಿ ಹೂವಿಗೆ ಬಾವಲಿಗಳು ಬರುತ್ತವೆ, ಮರುದಿನ ಹೂವು ನೆಲಕ್ಕೆ. ಕಾಂಡ ಮೆತ್ತಗೆ, ಒಳಗೆ ನೀರು ತುಂಬಿಕೊಂಡಿರುತ್ತದೆ. ವಯಸ್ಸಾದಂತೆ ಒಳಗೆ ಪೊಳ್ಳಾಗುವುದರಿಂದ ಉಂಗುರ ಎಣಿಸಿ ವಯಸ್ಸು ಹೇಳುವುದು ಕಷ್ಟ. ಊರಲ್ಲಿ ಸಲೀಸಾಗಿ ಎರಡು ಸಾವಿರ ವರ್ಷ ಎಂದುಬಿಡುತ್ತಾರೆ, ನಾನಂತೂ ನಂಬುವುದಿಲ್ಲ.

2023ರ ಜುಲೈಯಲ್ಲಿ ಅವ್ವ ಫೋನ್ ಮಾಡಿ, "ಮಠದ ಹುಣಸೀಗಿಡ ಬಿತ್ತೋ" ಎಂದಿದ್ದಳು. ಮನೆಯವರು ಯಾರೋ ಹೋದಂತೆ ಅವಳ ದನಿ. ನಾನು ಆಫೀಸಿನ ಮೀಟಿಂಗ್‌ನಲ್ಲಿದ್ದೆ, "ಆಮೇಲೆ ಮಾಡ್ತೀನಿ" ಎಂದು ಇಟ್ಟೆ. ಮಾಡಲಿಲ್ಲ. ಆಮೇಲೆ ಪತ್ರಿಕೆಯಲ್ಲಿ ಓದಿದೆ: ಬಿದ್ದ ಮರವನ್ನು ಕೊಂಬೆ ಕಡಿದು, ಬೇರಿಗೆ ಔಷಧ ಹಚ್ಚಿ, ಕ್ರೇನ್‌ನಿಂದ ಎತ್ತಿ ಮತ್ತೆ ನೆಟ್ಟರು. ಚಿಗುರಿತು ಕೂಡ. ಅದರ ಹಿಂದಿನ ವರ್ಷವೇ ಇಲ್ಲಿ ಸಾಂತಾಕ್ರೂಜ್‌ನಲ್ಲಿ ಮೆಟ್ರೋ ಕಾಮಗಾರಿಗೆಂದು ಒಂದು ಹಳೆಯ ಬಾವೊಬಾಬ್ ಕಡಿದಿದ್ದರು. ಅದನ್ನು ಎತ್ತಿ ನಿಲ್ಲಿಸಲು ಕ್ರೇನ್ ಬರಲಿಲ್ಲ.

ಪೆಂಗ್ವಿನ್ ಕ್ಯೂ ಉದ್ದವಿತ್ತು. ನಾವು ಮರದ ಬಳಿಯೇ ಕುಳಿತೆವು. ಮಗ ಅಜ್ಜಿಗೆ ವಿಡಿಯೋ ಕಾಲ್ ಹಚ್ಚಿ, ಫೋನನ್ನು ಬುಡದಿಂದ ತುದಿಯವರೆಗೆ ಎತ್ತಿ ತೋರಿಸಿದ. ಅವ್ವ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದಳು.

"ನಮ್ಮದರಷ್ಟು ದಪ್ಪ ಇಲ್ಲ ಬಿಡು" ಎಂದಳು. ಆಮೇಲೆ, "ಬ್ಯಾಸಿಗ್ಯಾಗ ಯಾರರ ನೀರು ಹಾಕ್ತಾರೇನು ಕೇಳೋ ತಮ್ಮಾ."